ಓರೆ ಕಮಾನು ಕಟ್ಟುವ ಮುಂಚೆ ಒಂದು ಪೈಪು, ಒಂದು ಬಕೆಟ್ ನೀರು

ರೈಲು ಹಳಿ ರಸ್ತೆಯ ಮೇಲಿಂದ ನೇರ ಅಡ್ಡಕ್ಕೆ ದಾಟಿದರೆ ಸೇತುವೆಗೆ ಇಟ್ಟಿಗೆ ಕಮಾನು ಕಟ್ಟಲು ಅನುಭವಿ ಮೇಸ್ತ್ರಿಗೆ ಯಾರೂ ಹೇಳಿಕೊಡಬೇಕಿಲ್ಲ. ಓರೆಯಾಗಿ ದಾಟಿದರೆ ತಲೆನೋವು ಶುರು. ರಸ್ತೆಯನ್ನು ಬೇಕಾದರೆ ಸ್ವಲ್ಪ ತಿರುಗಿಸಬಹುದು. ರೈಲು ತಿರುಗಲು ಎಷ್ಟು ಜಾಗ ಬೇಕು, ಅಲ್ವಾ?

ಡ್ರಾಫ್ಟ್ಸ್‌ಮನ್ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಹಿತ್ತಲಲ್ಲಿ ಎರಡು ಅಡಿಯ ಓರೆ ಕಮಾನು ಕಟ್ಟಿದೆ. ವರಸೆಗಳನ್ನು, ಅಂದರೆ ಇಟ್ಟಿಗೆ ಸಾಲುಗಳನ್ನು, ಮಾಮೂಲಿನಂತೆ ಕಮಾನು ಹೊರುವ ಪಕ್ಕದ ಗೋಡೆಯ ಗುಂಟ ಇಟ್ಟೆ. ಕೆಳಗೆ ಆಸರೆ ಕೊಟ್ಟಿದ್ದ ಸೆಂಟ್ರಿಂಗ್ ಬಿಚ್ಚಿದ್ದೇ ತಡ, ಚೂಪು ಮೂಲೆಯ ಇಟ್ಟಿಗೆಗಳು ಕಾಲ ಮೇಲೇ ಬಿದ್ದವು. ಹಾಗೆ ಇಟ್ಟರೆ ಭಾರ ಗೋಡೆಯಿಂದ ನೇರ ಅಡ್ಡಕ್ಕೆ ಹೊರಡುತ್ತದೆ. ಚೂಪು ಮೂಲೆಯಲ್ಲಿ ಎದುರು ಗೋಡೆ ಸಿಗುವ ಮುಂಚೆಯೇ ಸೇತುವೆಯ ಅಂಚು ಮುಗಿದುಹೋಗಿರುತ್ತದೆ.

ವರಸೆ ಗೋಡೆಯ ಮಾತು ಕೇಳಬಾರದು, ಸೇತುವೆಯ ಮುಖದ ಮಾತು ಕೇಳಬೇಕು. ಮುಖ ಅಂದರೆ ಹೊರಗಿಂದ ಕಾಣುವ ಕಮಾನಿನ ಅಂಚು, ವರಸೆ ಅದಕ್ಕೆ ನೇರ ಅಡ್ಡ ನಿಲ್ಲಬೇಕು. ಆಗ ವರಸೆಗಳು ಸ್ಕ್ರೂ ಸುತ್ತಿನ ಹಾಗೆ ಸುತ್ತಿಕೊಂಡು ಏರುತ್ತವೆ. 1787ರಲ್ಲಿ ಐರ್ಲೆಂಡಿನ ಕಿಲ್ಡೇರ್ ಕಾಲುವೆಯ ಮೇಲೆ ಎಂಜಿನಿಯರ್ ವಿಲಿಯಂ ಚಾಪ್‌ಮನ್ ಈ ದಾರಿ ಹಿಡಿದರು.

ಮೊದಲು ಕಾಗದದಲ್ಲಿ ನೋಡಿ. ನಾಲ್ಕಿಂಚಿನ ಪಿವಿಸಿ ಪೈಪಿಗೆ ಕಾಗದ ಸುತ್ತಿ, ಸುಮಾರು 30 ಡಿಗ್ರಿ ವಾಲಿಸಿ ಬಕೆಟ್ ನೀರಿಗೆ ಅದ್ದಿ. ಬಿಚ್ಚಿದರೆ ಒದ್ದೆಯ ಅಂಚು ಹಾವಿನಂತೆ ಬಳುಕಿರುತ್ತದೆ. ಅದರ ತೀರ ಕೆಳಗಿನ ಬಿಂದುವಿನಿಂದ ತೀರ ಮೇಲಿನ ಬಿಂದುವಿನವರೆಗಿನ ಭಾಗವೇ ನಿಮ್ಮ ಕಮಾನಿನ ಮುಖ. ಆ ಎರಡು ಬಿಂದುಗಳನ್ನು ನೇರ ಗೆರೆಯಿಂದ ಸೇರಿಸಿ. ಗೆರೆಗೆ ಮೂಲೆಮಟ್ಟ ಹಿಡಿದು ಅಡ್ಡಗೆರೆ ಎಳೆಯಿರಿ. ಅವೇ ವರಸೆಗಳು. ಕಾಗದವನ್ನು ಮತ್ತೆ ಸುತ್ತಿ ನೋಡಿ, ಲೆಕ್ಕ ಕಣ್ಣಿಗೇ ಕಾಣುತ್ತದೆ.

ಅಂಕಿ ಬೇಕೆನ್ನುವವರಿಗೆ: ಗೋಡೆಯಿಂದ ಗೋಡೆಗೆ ನೇರ 20 ಅಡಿ, ಓರೆ (ನೇರ ಅಡ್ಡದಿಂದ ವಾಲಿದ್ದು) 30 ಡಿಗ್ರಿ, ಅರ್ಧವೃತ್ತದ ಕಮಾನು ಎನ್ನಿ. ಕಮಾನಿನ ಹೊಟ್ಟೆಯನ್ನು (ಒಳಮೈಯನ್ನು) ಬಿಡಿಸಿ ಹಾಸಿದರೆ 31.4 ಅಡಿ. ಮುಖದ ಒಂದು ತುದಿ ಇನ್ನೊಂದಕ್ಕಿಂತ 11.5 ಅಡಿ ಮುಂದೆ ಇರುತ್ತದೆ. ವರಸೆಗಳು ಗೋಡೆಯ ಗೆರೆಯಿಂದ ಸುಮಾರು 20 ಡಿಗ್ರಿ ವಾಲುತ್ತವೆ. ಮುಖದ ಗೆರೆಯ ಮೇಲೆ ವರಸೆಗಳು ಪೂರ್ತಿ ಸಂಖ್ಯೆಯಲ್ಲಿ ಕೂರುವಂತೆ ಕೋನವನ್ನು ಕೂದಲೆಳೆಯಷ್ಟು ತಿದ್ದಿಕೊಳ್ಳಿ.

ಇಂಗ್ಲೆಂಡಿನ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಲೈನಿನಲ್ಲಿ, ರೇನ್‌ಹಿಲ್ ಎಂಬಲ್ಲಿ 1828ರಲ್ಲಿ ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್ ರಸ್ತೆಯನ್ನು ಹಳಿಯ ಮೇಲೆ, ಹಳಿಗೆ 34 ಡಿಗ್ರಿ ಕೋನದಲ್ಲಿ ಓರೆಯಾಗಿ ದಾಟಿಸಬೇಕಿತ್ತು. ಪಕ್ಕದ ಹೊಲದಲ್ಲಿ ಪೂರ್ತಿ ಅಳತೆಯ ಮರದ ಮಾದರಿಯನ್ನೇ ಮಾಡಿಸಿದರಂತೆ. ಅದು ಕಲ್ಲಿನ ಸೇತುವೆ, ಒಂದೊಂದು ಕಲ್ಲನ್ನೂ ತಿರುಚಿ ಕೆತ್ತಬೇಕು. ಇಟ್ಟಿಗೆಯಲ್ಲಿ ಆ ಕಷ್ಟ ಇಲ್ಲ. ಇಟ್ಟಿಗೆ ಚಿಕ್ಕದು, ತಿರುಚನ್ನು ಗಾರೆಯೇ ನುಂಗಿಕೊಳ್ಳುತ್ತದೆ. ಕಡಿಯಬೇಕಾದದ್ದು ಮುಖದ ಅಂಚಿನಲ್ಲಿ ಮತ್ತು ಕಮಾನು ಗೋಡೆಯ ಮೇಲೆ ಕೂರುವ ಪಾದದಲ್ಲಿ ಮಾತ್ರ. ಪಾದಕ್ಕೆ ಗರಗಸದ ಹಲ್ಲಿನಂತೆ ಕೆತ್ತಿದ ಕಲ್ಲು ಕೂರಿಸಿ, ಒಂದೊಂದು ಹಲ್ಲಿನಿಂದ ವರಸೆ ಹೊರಡಲಿ. ಇಲ್ಲಿ ಉಳಿತಾಯ ಮಾಡಿ ಮುರಿದ ಇಟ್ಟಿಗೆ, ಗಾರೆ ತುಂಬಬೇಡಿ, ಇಡೀ ಒತ್ತಡ ಬಂದು ಇಳಿಯುವ ಜಾಗ ಅದು.

ಸೆಂಟ್ರಿಂಗಿಗೆ ಹಲಗೆ ಒತ್ತೊತ್ತಾಗಿ ಹೊಡೆಸಿ. ಪಾದದ ಹಲ್ಲಿನಿಂದ ಎದುರಿನ ಗುರುತಿಗೆ ತೆಳು ಬಿದಿರು ದಬ್ಬೆ ಬಗ್ಗಿಸಿ ಹಿಡಿದು, ವರಸೆ ಗೆರೆಗಳನ್ನು ಹಲಗೆ ಮೇಲೇ ಎಳೆಯಿರಿ. ಕಟ್ಟುವಾಗ ರಸಮಟ್ಟವನ್ನು ಚೀಲದಲ್ಲೇ ಬಿಡಿ, ಗೆರೆಯನ್ನು ನಂಬಿ. ಎರಡೂ ಬದಿಯಿಂದ ಒಟ್ಟಿಗೆ ಏರಿ ಬನ್ನಿ.

ಅರ್ಧವೃತ್ತಕ್ಕಿಂತ ಚಪ್ಪಟೆ ಕಮಾನು ವಾಸಿ. ಅರ್ಧವೃತ್ತದಲ್ಲಿ ಪಾದದ ಹತ್ತಿರ ವರಸೆ ಮುಖಕ್ಕೆ ನೇರವಾಗಿ ನಿಲ್ಲುವುದಿಲ್ಲ, ಇಟ್ಟಿಗೆ ಜಾರಲು ನೋಡುತ್ತದೆ.

ಸುಣ್ಣದ ಗಾರೆ ಗಟ್ಟಿಯಾಗುವ ತನಕ ಸೆಂಟ್ರಿಂಗ್ ಮುಟ್ಟಬೇಡಿ. ಆಮೇಲೂ ಬೆಣೆಗಳನ್ನು ಒಂದೇ ಏಟಿಗೆ ಹೊಡೆದು ತೆಗೆಯದೆ ಸ್ವಲ್ಪಸ್ವಲ್ಪ ಸಡಿಲಿಸಿ. ಪ್ರತಿ ಸಲ ಚೂಪು ಮೂಲೆಗಳಿಗೆ ಟಾರ್ಚ್ ಬಿಟ್ಟು ಬಿರುಕು ಹುಡುಕಿ. ಮತ್ತೆ, ಕೆಳಗೆ ಕಾಲಿಡಬೇಡಿ.