ಮೈನಸ್ 80 ಇಲ್ಲದೆಯೂ ಉಳಿದ ಸಾಲ್ಮೊನೆಲ್ಲಾ ತಳಿಗಳು

ಮೈನಸ್ 80 ಡಿಗ್ರಿಯ ಡೀಪ್ ಫ್ರೀಜರ್ ಇಲ್ಲದಿದ್ದರೆ ಲ್ಯಾಬಿನ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ತಳಿಗಳು ಒಂದು ವರ್ಷವೂ ಬಾಳವು ಎಂದವರೇ ಹೆಚ್ಚು. ಕತ್ತಲ ಕಪಾಟಿನಲ್ಲಿ ಮೂರು ವರ್ಷ ಇಟ್ಟ ಸ್ಟ್ಯಾಬ್‌ಗಳನ್ನು (ಮೆದು ಅಗಾರ್ ಜೆಲ್ಲಿಗೆ ತಂತಿಯಿಂದ ಬ್ಯಾಕ್ಟೀರಿಯಾ ಚುಚ್ಚಿಟ್ಟ ವಯಲ್, ಅಂದರೆ ಸಣ್ಣ ಸೀಸೆ) ಈಗ ತೆರೆದಾಗ, ಕೋಳಿಮಾಂಸ, ಮೊಟ್ಟೆ, ಮಸಾಲೆಗಳಿಂದ ಬಂದ 42ರಲ್ಲಿ 40 ಬೆಳೆದವು. ಹೋಲಿಕೆಗೆ ಇಡುವ ರೆಫರೆನ್ಸ್ ತಳಿ ಎಟಿಸಿಸಿ 14028 ಕೂಡ ಬಂತು.

ಮೊದಲು ನೆಚ್ಚಿದ್ದು ಹೆಪ್ಪುಗಟ್ಟುವಾಗ ಕೋಶಗಳನ್ನು ಕಾಯುವ ಶೇ. 15ರ ಗ್ಲಿಸರಾಲ್, ಮೈನಸ್ 20ರ ಫ್ರಾಸ್ಟ್-ಫ್ರೀ ಫ್ರೀಜರ್. ಹಿಮ ಕರಗಿಸಲು ಅದು ಆಗಾಗ ಬೆಚ್ಚಗಾಗುತ್ತದೆ, ಅದರ ಮೇಲೆ ಕರೆಂಟ್ ಬೇರೆ ಹೋಗುತ್ತದೆ. ಕರಗಿ ಹೆಪ್ಪುಗಟ್ಟುವ ಆಟದಲ್ಲಿ ಆರು ತಿಂಗಳಿಗೆ ಅರ್ಧದಷ್ಟು ಸತ್ತವು. ರೆಫರೆನ್ಸ್ ತಳಿಗಳನ್ನು ಮತ್ತೆ ತರಿಸಲು ಸುಮಾರು 25 ಸಾವಿರ ಹೋಯಿತು. ಮೈನಸ್ 80ಕ್ಕೆ ಲಕ್ಷಗಟ್ಟಲೆ ಬೇಕು. ಸ್ಟ್ಯಾಬ್‌ಗೆ ವಯಲ್ ಸೇರಿ ಒಂದಕ್ಕೆ 15 ರೂಪಾಯಿ ಆಗಿರಬಹುದು.

ಸ್ಟ್ಯಾಬ್ ಮಾಡುವುದು ಹೀಗೆ: ನ್ಯೂಟ್ರಿಯೆಂಟ್ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ಸಾರು), ಲೀಟರಿಗೆ 7 ಗ್ರಾಂ ಅಗಾರ್, ಪಿಎಚ್ 7.2ರ ಹತ್ತಿರ. ಸಕ್ಕರೆ ಯಾವುದೂ ಬೇಡ, ಹುದುಗಿ ಆಮ್ಲವಾದರೆ ಕಥೆ ಮುಗಿಯಿತು. ಸ್ಕ್ರೂ ಕ್ಯಾಪ್ ವಯಲ್‌ನ ಮುಕ್ಕಾಲು ತುಂಬಿಸಿ ಆಟೋಕ್ಲೇವ್ ಮಾಡಿ, ನೇರ ತಂತಿಯಿಂದ ತಳದವರೆಗೆ ಚುಚ್ಚಿ, ಮುಚ್ಚಳ ಸಡಿಲವಾಗಿಟ್ಟು 37 ಡಿಗ್ರಿಯಲ್ಲಿ ಒಂದು ರಾತ್ರಿ. ಬೆಳಗ್ಗೆ ಬಿಗಿ ಮಾಡಿ, ಕರಗಿದ ಮೇಣದಲ್ಲಿ ಮುಚ್ಚಳ ಅದ್ದಬೇಕು. ಮೊದಲ ಬ್ಯಾಚಿಗೆ ಮೇಣ ಹಾಕದೆ ಬೇಸಿಗೆಯಲ್ಲಿ ಅಗಾರ್ ಒಣಗಿ ಚರ್ಮದಂತಾಯಿತು. ಬರೀ ಮೇಣ ಬಿರುಕು ಬಿಡುತ್ತದೆ. ಅದಕ್ಕೆ ನಾನು ಬೆರೆಸುವುದೇನೆಂದು ಸದ್ಯಕ್ಕೆ ಹೇಳುವುದಿಲ್ಲ.

ದೊಡ್ಡ ತಪ್ಪಾದದ್ದು ಎಕ್ಸ್‌ಎಲ್‌ಡಿಯಿಂದ (ಸಾಲ್ಮೊನೆಲ್ಲಾ ಆರಿಸಲು ಬಳಸುವ, ಉಳಿದವನ್ನು ತಡೆಯುವ ಅಗಾರ್) ನೇರ ಚುಚ್ಚಿದ್ದರಲ್ಲಿ. ಅಲ್ಲಿ ಬೇರೆ ಬ್ಯಾಕ್ಟೀರಿಯಾ ಅಡಗಿರುತ್ತವೆ, ಸತ್ತಿರುವುದಿಲ್ಲ. ನಾಲ್ಕೈದು ವಯಲ್‌ಗಳಲ್ಲಿ ಪ್ರೋಟಿಯಸ್ ತುಂಬಿಕೊಂಡಿತ್ತು. ಈಗ ನ್ಯೂಟ್ರಿಯೆಂಟ್ ಅಗಾರ್ ಮೇಲೆ ಎರಡು ಸಲ ಗೀರಿ, ಒಂಟಿ ಕಾಲೊನಿಯನ್ನೇ ಆರಿಸುತ್ತೇನೆ.

ಎಬ್ಬಿಸುವಾಗ ತಳದ ಅಗಾರಿನ ಚೂರನ್ನು ಬ್ರಾತ್‌ಗೆ ಹಾಕಿ, ಆರು ಗಂಟೆಯ ನಂತರ ಪ್ಲೇಟ್. ಬೆಳೆದರೆ ಸಾಲದು, ಸ್ಲೈಡಿನ ಮೇಲೆ ಬರೀ ಉಪ್ಪುನೀರಲ್ಲಿ ಕಲಸಿ ನೋಡಿ. 40ರಲ್ಲಿ ಮೂರು ತಾವಾಗಿಯೇ ಗಂಟುಕಟ್ಟಿದವು, ಅಂದರೆ ಹೊರಪದರದ ಓ ಸಕ್ಕರೆ ಸರಪಳಿ ಕಳೆದುಕೊಂಡು ರಫ್ ಆಗಿವೆ. ಅವಕ್ಕೆ ಆ ಸರಪಳಿ ಗುರುತಿಸುವ ಓ ಆಂಟಿಸೀರಂ ಹಾಕುವುದು ಬರೀ ದಂಡ. ಅದೇ ಪ್ಲೇಟಿನಲ್ಲಿ ನಯವಾದ ಕಾಲೊನಿ ಹುಡುಕಿ ಎರಡನ್ನು ಉಳಿಸಿಕೊಂಡೆ.

ಇದು ಹೊಸದೇನಲ್ಲ. ಅಮೆರಿಕದ ತಳಿವಿಜ್ಞಾನಿ ಡೆಮೆರೆಕ್ ಸಂಗ್ರಹದ ಎಲ್‌ಟಿ2 ಎಂಬ ಸಾಲ್ಮೊನೆಲ್ಲಾ ತಳಿಯ ಸ್ಟ್ಯಾಬ್‌ಗಳು ಕೋಣೆಯ ಉಷ್ಣತೆಯಲ್ಲೇ ದಶಕಗಳ ನಂತರವೂ ಜೀವಂತ ಸಿಕ್ಕಿವೆ. ಆದರೆ ಅಷ್ಟು ಕಾಲ ಇದ್ದವುಗಳಲ್ಲಿ ಮ್ಯುಟೇಶನ್‌ಗಳೂ ಕಂಡಿವೆ, ಆದ್ದರಿಂದ ವರ್ಷಕ್ಕೊಮ್ಮೆ ತಪಾಸಣೆ ಬಿಡಬಾರದು.

ಜೊತೆಗೆ ಕೆನೆರಹಿತ ಹಾಲಲ್ಲಿ ಕಲಸಿ, ಫಿಲ್ಟರ್ ಪೇಪರ್ ಚೂರುಗಳ ಮೇಲೆ ಒಣಗಿಸಿ, ಸಿಲಿಕಾ ಜೆಲ್ ಜೊತೆ ಮುಚ್ಚಿಟ್ಟು ನೋಡಿದೆ. ಎಂಟು ತಿಂಗಳಿಗೆ ಹತ್ತರಲ್ಲಿ ಏಳು ಬದುಕಿವೆ. ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದ ಡಬ್ಬಿಯಲ್ಲೇ ಮೂರೂ ಸತ್ತದ್ದು.