ಬಿಸಿಲ ನಾಡಿನಲ್ಲಿ ಚರ್ಮ ಬೇಗ ಮುಪ್ಪಾಗುವುದೇಕೆ? ತಿದ್ದಿಕೊಳ್ಳಬೇಕಾದ ದಿನನಿತ್ಯದ ರೂಢಿಗಳು

ಕನ್ನಡಿಯ ಮುಂದೆ ನಿಂತು ಮುಖದ ಸುಕ್ಕುಗಳನ್ನು ಎಣಿಸುವ ಮೊದಲು ಇನ್ನೊಂದು ಪರೀಕ್ಷೆ ಮಾಡಿ ನೋಡಬೇಕು. ಕಂಕುಳಿನ ಸಮೀಪದ ಒಳತೋಳಿನ ಚರ್ಮವನ್ನೂ ಅದೇ ಕೈಯ ಅಂಗೈ ಹಿಂಬದಿಯ ಚರ್ಮವನ್ನೂ ಹಗಲು ಬೆಳಕಿನಲ್ಲಿ ಹೋಲಿಸಿ ನೋಡಿರಿ. ಎರಡಕ್ಕೂ ವಯಸ್ಸು ಒಂದೇ, ಊಟ ಒಂದೇ, ಮೈಯಲ್ಲಿ ಹರಿಯುವ ರಕ್ತವೂ ಒಂದೇ. ಆದರೂ ನಲವತ್ತು ದಾಟಿದ ಬಹಳಷ್ಟು ಜನರಲ್ಲಿ ಒಳತೋಳು ನಯವಾಗಿ ಒಂದೇ ಬಣ್ಣದಲ್ಲಿ ಉಳಿದಿರುತ್ತದೆ, ಅಂಗೈಯ ಹಿಂಬದಿ ಮಾತ್ರ ಕಪ್ಪಾಗಿ, ಒರಟಾಗಿ, ಅಲ್ಲಲ್ಲಿ ಚುಕ್ಕೆ ಬಿದ್ದಿರುತ್ತದೆ. ಇವೆರಡರ ನಡುವೆ ಕಾಣುವ ಅಂತರ ವಯಸ್ಸಿನಿಂದ ಬಂದದ್ದಲ್ಲ, ನಾವು ದಿನವೂ ಮಾಡುವುದರಿಂದ ಮತ್ತು ಮಾಡದೆ ಬಿಡುವುದರಿಂದ ಬಂದದ್ದು. ಈ ಬರಹ ಆ ಅಂತರದ ಬಗ್ಗೆ ಮಾತ್ರ.

ವಯಸ್ಸಿನ ಪಾಲನ್ನು ಯಾರೂ ತಪ್ಪಿಸಲಾರರು. ಚರ್ಮಕ್ಕೆ ಬಿಗಿತನ ಕೊಡುವ ಕೊಲಾಜನ್ ಎಂಬ ನಾರು ಇಪ್ಪತ್ತರ ಹರೆಯ ಕಳೆದ ಮೇಲೆ ವರ್ಷಕ್ಕೆ ಸುಮಾರು ಶೇ. 1ರಂತೆ ಕಡಿಮೆಯಾಗುತ್ತದೆ, ಮುಟ್ಟು ನಿಂತ ಹೆಂಗಸರಲ್ಲಿ ಮೊದಲ ಕೆಲವು ವರ್ಷ ಈ ಇಳಿಕೆ ಇನ್ನೂ ವೇಗವಾಗಿರುತ್ತದೆ. ಅದರ ಮೇಲೆ ಬಿಸಿಲು, ಹೊಗೆ ಮತ್ತು ತಪ್ಪು ಮುಲಾಮುಗಳು ಸೇರಿಕೊಂಡಾಗ, ಅರವತ್ತಕ್ಕೆ ಕಾಣಬೇಕಾದ ಮುಖ ನಲವತ್ತೈದಕ್ಕೇ ಕಾಣತೊಡಗುತ್ತದೆ. ನಮ್ಮಂಥ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಇದರ ಮೊದಲ ಗುರುತು ಸಾಮಾನ್ಯವಾಗಿ ಸುಕ್ಕಲ್ಲ, ಬಣ್ಣದ ಏರುಪೇರು: ಕೆನ್ನೆಯ ಮೇಲಿನ ಬಂಗು, ಹಣೆಯ ಅಂಚಿನ ಕಪ್ಪು, ಕಣ್ಣಿನ ಸುತ್ತಲಿನ ಮಬ್ಬು. ಆದ್ದರಿಂದ ಸುಕ್ಕಿಲ್ಲವೆಂದು ನಿಶ್ಚಿಂತರಾಗಿ ಕೂರುವಂತಿಲ್ಲ.

ಉರಿ ಬೇರೆ, ಕಿರಣ ಬೇರೆ

ಕಲಬುರಗಿಯವರಾದ ನಾವು ಬಿಸಿಲನ್ನು ಉರಿಯಿಂದ ಅಳೆಯುತ್ತೇವೆ, ತಪ್ಪು ಅಲ್ಲಿಂದಲೇ ಶುರುವಾಗುತ್ತದೆ. ಉಷ್ಣಾಂಶ 42 ಡಿಗ್ರಿ ಮುಟ್ಟಿದ ದಿನ ತಲೆಗೆ ಟವೆಲ್ ಸುತ್ತಿಕೊಳ್ಳುವವರು, ಆಗಸ್ಟಿನಲ್ಲಿ ಎರಡು ಮಳೆ ಬಿದ್ದು ಗಾಳಿ ತಂಪಾದ ಕೂಡಲೇ ಅದನ್ನು ಗೂಟಕ್ಕೆ ತೂಗುಹಾಕುತ್ತಾರೆ. ಚರ್ಮವನ್ನು ಮುಪ್ಪಾಗಿಸುವುದು ಮುಖ್ಯವಾಗಿ ಅತಿನೇರಳೆ ಕಿರಣ, ಅದು ಶಾಖದಂತೆ ಮೈಗೆ ತಿಳಿಯುವುದಿಲ್ಲ. ನಮ್ಮ ಊರು ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆದ್ದರಿಂದ ಸೂರ್ಯ ವರ್ಷಕ್ಕೆ ಎರಡು ಸಲ, ಮೇ ಎರಡನೆಯ ವಾರದ ಆಸುಪಾಸಿನಲ್ಲಿ ಮತ್ತು ಆಗಸ್ಟ್ ಆರಂಭದಲ್ಲಿ, ನಮ್ಮ ನೆತ್ತಿಯ ಮೇಲೆಯೇ ಬರುತ್ತಾನೆ. ಆ ದಿನಗಳಲ್ಲಿ ಮಧ್ಯಾಹ್ನ 12:15 ಮತ್ತು 12:30ರ ನಡುವೆ ನೆಟ್ಟ ಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಅಂದರೆ ಆಗಸ್ಟಿನ ಸೂರ್ಯ ಮೇ ತಿಂಗಳಿನವನಷ್ಟೇ ನೇರ. ತೆಳು ಮೋಡವಂತೂ ಅತಿನೇರಳೆ ಕಿರಣದ ಬಹುಪಾಲನ್ನು ಹಾಗೆಯೇ ಕೆಳಗೆ ಬಿಡುತ್ತದೆ.

ಹಾಗಾದರೆ ಎಚ್ಚರ ಯಾವಾಗ ಬೇಕೆಂಬುದಕ್ಕೆ ಗಡಿಯಾರ, ಮೊಬೈಲ್ ಯಾವುದೂ ಬೇಕಾಗಿಲ್ಲ, ನಿಮ್ಮ ನೆರಳನ್ನು ನೋಡಿಕೊಂಡರೆ ಸಾಕು. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಬಲವಾಗಿದೆ, ಉದ್ದವಾಗಿದ್ದರೆ ಇಳಿದಿದೆ. ಬೇಸಿಗೆಯಲ್ಲಿ ಇದು ಹೆಚ್ಚುಕಡಿಮೆ ಬೆಳಿಗ್ಗೆ ಒಂಬತ್ತೂಕಾಲಿನಿಂದ ಮಧ್ಯಾಹ್ನ ಮೂರೂವರೆಯವರೆಗಿನ ಹೊತ್ತು. ನಮ್ಮ ಭಾಗದ ಸರ್ಕಾರಿ ಕಚೇರಿಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಕೆಲಸದ ವೇಳೆ ಬದಲಾಗುವ ಪದ್ಧತಿಯಿದೆ. ಕಚೇರಿಯೊಳಗಿನ ಸೆಕೆಯಿಂದ ಪಾರಾಗಲು ಅದು ಒಳ್ಳೆಯ ಏರ್ಪಾಡೇ ಹೌದು, ಆದರೆ ಸಿಬ್ಬಂದಿ ಬೈಕ್ ಹತ್ತಿ ಮನೆಗೆ ಹೊರಡುವುದು ಗಿಡ್ಡ ನೆರಳಿನ ಹೊತ್ತಿನಲ್ಲೇ ಎಂಬುದನ್ನೂ ನೆನಪಿನಲ್ಲಿಡಬೇಕು.

ಅತಿನೇರಳೆ ಕಿರಣದಲ್ಲಿ ಎರಡು ಬಗೆಯವು ನಮ್ಮನ್ನು ಮುಟ್ಟುತ್ತವೆ. ಯುವಿ-ಬಿ ಎಂಬುದು ಚರ್ಮದ ಮೇಲ್ಪದರವನ್ನು ಸುಡುತ್ತದೆ ಮತ್ತು ಕಿಟಕಿಯ ಗಾಜು ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಯುವಿ-ಎ ಎಂಬುದು ಗಾಜನ್ನು ದಾಟಿ, ಚರ್ಮದ ಒಳಪದರಕ್ಕೆ ಇಳಿದು, ಕೊಲಾಜನ್ ಅನ್ನು ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಉರಿಯಿಲ್ಲ, ಕೆಂಪಾಗುವುದಿಲ್ಲ, ಆದ್ದರಿಂದ ಗೊತ್ತಾಗುವುದೂ ಇಲ್ಲ. ಅಮೆರಿಕದಲ್ಲಿ 28 ವರ್ಷ ಟ್ರಕ್ ಓಡಿಸಿದ 69 ವರ್ಷದ ಚಾಲಕರೊಬ್ಬರ ಚಿತ್ರ 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಿಟಕಿಯ ಕಡೆಗಿದ್ದ ಅವರ ಎಡಗೆನ್ನೆ ಜೋತುಬಿದ್ದು ಆಳವಾದ ಗೆರೆಗಳಿಂದ ತುಂಬಿತ್ತು, ಬಲಗೆನ್ನೆ ಹತ್ತಾರು ವರ್ಷ ಚಿಕ್ಕವರದ್ದೆಂಬಂತೆ ಕಾಣುತ್ತಿತ್ತು. ನಮ್ಮಲ್ಲಿ ಚಾಲಕರು ಕೂರುವುದು ಬಲಬದಿಗೆ. ಹೈದರಾಬಾದಿಗೋ ಸೋಲಾಪುರಕ್ಕೋ ವರ್ಷಗಟ್ಟಲೆ ಗಾಡಿ ಹೊಡೆಯುವವರು ತಮ್ಮ ಬಲ ಮುಂದೋಳನ್ನು ಎಡದ್ದರ ಜೊತೆ ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಅಂಥವರು ಪೂರ್ತಿ ತೋಳಿನ ಅಂಗಿ ತೊಡುವುದು ಅಥವಾ ಕೈಗೆ ಬಟ್ಟೆಯ ತೋಳುಚೀಲ ಹಾಕಿಕೊಳ್ಳುವುದು ಒಳ್ಳೆಯದು.

ಮೊದಲು ಬಟ್ಟೆ, ಆಮೇಲೆ ಟ್ಯೂಬು

ಕೈಯಲ್ಲಿ ಹಣ ಸ್ವಲ್ಪವೇ ಇದ್ದರೆ ಅದನ್ನು ಮೊದಲು ಛತ್ರಿಗೆ ಹಾಕಿರಿ ಎಂದೇ ನನ್ನ ಸಲಹೆ. ಬಟ್ಟೆ ಬೆವರಿಗೆ ಕೊಚ್ಚಿಹೋಗುವುದಿಲ್ಲ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಾಗಿಯೂ ಇಲ್ಲ. ಆದರೆ ಎಲ್ಲ ಬಟ್ಟೆಯೂ ಒಂದೇ ಅಲ್ಲ. ಓಡನಿಯನ್ನೋ ಟವೆಲನ್ನೋ ಬೆಳಕಿಗೆ ಹಿಡಿದು ನೋಡಿರಿ: ಆಚೆಗಿನ ವಸ್ತು ಸ್ಪಷ್ಟವಾಗಿ ಕಂಡರೆ ಆ ಬಟ್ಟೆ ಧೂಳಿಗೆ ಮಾತ್ರ, ಬಿಸಿಲಿಗಲ್ಲ. ದಟ್ಟ ನೇಯ್ಗೆಯ, ಸ್ವಲ್ಪ ಗಾಢ ಬಣ್ಣದ ಹತ್ತಿ ಬಟ್ಟೆ ಹೆಚ್ಚು ಕಿರಣ ತಡೆಯುತ್ತದೆ. ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ಪೂರ್ತಿ ತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಕಟ್ಟುವುದನ್ನು ನೋಡಿ ನಗುವವರಿದ್ದಾರೆ, ಆದರೆ ಚರ್ಮದ ಮಟ್ಟಿಗೆ ಅವರೇ ಜಾಣರು.

ಮನೆಯೊಳಗೇ ಇರುವ ಹೆಂಗಸರಿಗೆ ಬಿಸಿಲೆಲ್ಲಿಂದ ಎಂದು ಕೇಳುವವರು ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಮಾಳಿಗೆ ಹತ್ತಿ ನೋಡಬೇಕು. ಹಪ್ಪಳ, ಸಂಡಿಗೆ, ಶಾವಿಗೆ, ವರ್ಷದ ಖಾರಕ್ಕೆ ಮೆಣಸಿನಕಾಯಿ, ಎಲ್ಲವೂ ಒಣಗುವುದು ಅಲ್ಲಿಯೇ, ಅವುಗಳ ಕಾವಲಿಗೆ ಕೂತವರ ಮುಖವೂ ಒಣಗುವುದು ಅಲ್ಲಿಯೇ. ಹರವುವ ಕೆಲಸವನ್ನು ಬೆಳಿಗ್ಗೆ ಎಂಟರೊಳಗೆ ಮುಗಿಸಿ, ಮೇಲೆ ತೆಳು ಬಟ್ಟೆ ಕಟ್ಟಿ, ನಾಲ್ಕರ ನಂತರ ತೆಗೆದರೆ ಸಂಡಿಗೆಗೂ ತೊಂದರೆಯಿಲ್ಲ, ಕಾಗೆಗಳ ಕಾಟವೂ ಇರುವುದಿಲ್ಲ.

ಬಟ್ಟೆ ಮುಚ್ಚದ ಜಾಗಕ್ಕೆ ಸನ್‌ಸ್ಕ್ರೀನ್ ಬೇಕು. ಇದು ಜಾಹೀರಾತಿನ ಮಾತಲ್ಲ. ಆಸ್ಟ್ರೇಲಿಯಾದ ನಾಂಬೂರ್ ಎಂಬ ಊರಿನಲ್ಲಿ 55 ವರ್ಷದೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ದಿನವೂ ಸನ್‌ಸ್ಕ್ರೀನ್ ಹಚ್ಚುವಂತೆ ಹೇಳಿದ ಗುಂಪಿನಲ್ಲಿ ಚರ್ಮದ ಮುಪ್ಪು, ಮನಬಂದಾಗ ಹಚ್ಚಿದವರಿಗಿಂತ ಶೇ. 24ರಷ್ಟು ಕಡಿಮೆಯಿತ್ತು. ಅಲ್ಲಿದ್ದವರು ಬಿಳಿ ಚರ್ಮದವರಾದ್ದರಿಂದ ಅದೇ ಅಂಕಿ ನಮಗೂ ಹೊಂದುತ್ತದೆಂದು ಹೇಳಲಾಗದು, ಆದರೆ ಬಿಸಿಲು ಕೆಲಸ ಮಾಡುವ ಬಗೆ ಎಲ್ಲ ಚರ್ಮದಲ್ಲೂ ಒಂದೇ. ಕೊಳ್ಳುವಾಗ ಎಸ್‌ಪಿಎಫ್ 30 ಅಥವಾ ಹೆಚ್ಚು, ಜೊತೆಗೆ ಪಿಎ ಎಂಬ ಗುರುತಿನ ಮುಂದೆ ಕನಿಷ್ಠ ಮೂರು ಕೂಡಿಸುವ ಚಿಹ್ನೆಗಳು ಇವೆಯೇ ಎಂದು ನೋಡಿರಿ. ಎಸ್‌ಪಿಎಫ್ ಮುಖ್ಯವಾಗಿ ಯುವಿ-ಬಿಗೆ, ಪಿಎ ಯುವಿ-ಎಗೆ ಸಂಬಂಧಿಸಿದ್ದು. ಎಸ್‌ಪಿಎಫ್ 30 ಸುಮಾರು ಶೇ. 97ರಷ್ಟನ್ನೂ 50 ಸುಮಾರು ಶೇ. 98ರಷ್ಟನ್ನೂ ತಡೆಯುತ್ತವೆಯಾದ್ದರಿಂದ, ದೊಡ್ಡ ಅಂಕಿಗೆ ದುಪ್ಪಟ್ಟು ಹಣ ಕೊಡುವ ಬದಲು ಸಾಕಷ್ಟು ಹಚ್ಚುವುದೇ ಮೇಲು. ಬಂಗು ಇರುವವರಿಗೆ ಐರನ್ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ, ಏಕೆಂದರೆ ಬಂಗನ್ನು ಕೆರಳಿಸುವುದರಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಪಾತ್ರವೂ ಇದೆ.

ಅಳತೆಯಲ್ಲೇ ಎಲ್ಲರೂ ಸೋಲುವುದು. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎಳೆದ ಎರಡು ಗೆರೆಯಷ್ಟು ಕ್ರೀಮ್ ಮುಖ ಮತ್ತು ಕುತ್ತಿಗೆಗೆ ಬೇಕು. ಈ ಲೆಕ್ಕದಲ್ಲಿ ದಿನಕ್ಕೆ ಎರಡು ಸಲ ಹಚ್ಚಿದರೆ 50 ಗ್ರಾಂ ಟ್ಯೂಬು ಮೂರು ವಾರದಲ್ಲಿ ಮುಗಿಯಬೇಕು. ನಿಮ್ಮ ಮನೆಯ ಟ್ಯೂಬು ಯುಗಾದಿಗೆ ತಂದದ್ದು ದಸರೆಗೂ ಉಳಿದಿದ್ದರೆ, ಅದು ಹಚ್ಚಿದಂತಲ್ಲ. ಕಿವಿ, ಕತ್ತಿನ ಹಿಂಭಾಗ, ಅಂಗೈಯ ಹಿಂಬದಿ ಮರೆಯಬಾರದು. ಹೊರಗೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅದು ಆಗದ ಮಾತೆನ್ನುವವರಿಗೆ ಟೋಪಿ ಮತ್ತು ಬಟ್ಟೆಯೇ ಗತಿ. ಕೊಬ್ಬರಿ ಎಣ್ಣೆ, ಕುಸುಬಿ ಎಣ್ಣೆ ಇದರ ಬದಲಿಯಲ್ಲ. ಅವು ಒಣ ಚರ್ಮವನ್ನು ಮೆತ್ತಗೆ ಮಾಡುತ್ತವೆ, ಬಿಸಿಲನ್ನು ತಡೆಯಲಾರವು. ಇನ್ನು ಮೈ ಮುಚ್ಚಿದರೆ ವಿಟಮಿನ್ ಡಿ ಕಡಿಮೆಯಾಗದೇ ಎಂಬ ಪ್ರಶ್ನೆ ಬರುತ್ತದೆ. ಅನುಮಾನವಿದ್ದರೆ ರಕ್ತ ಪರೀಕ್ಷೆ ಮಾಡಿಸಿ ವೈದ್ಯರು ಹೇಳಿದ ಗುಳಿಗೆ ತೆಗೆದುಕೊಳ್ಳಬಹುದು, ಅದಕ್ಕಾಗಿ ಮುಖವನ್ನು ಒಡ್ಡಬೇಕಾಗಿಲ್ಲ.

ಬೆಳ್ಳಗಾಗುವ ಆಸೆಯಿಂದ ಆಗುವ ಹಾನಿ

ಬಿಸಿಲಿನ ನಂತರ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುವ ರೂಢಿ ಇದು. ಬಿಸಿಲಿಗೆ ಕಪ್ಪಾದ ಮುಖಕ್ಕೆ ಮದುವೆಯ ಮುಂಚೆ ಔಷಧ ಅಂಗಡಿಯಿಂದ ಒಂದು ಟ್ಯೂಬು ತಂದು ಹಚ್ಚುತ್ತಾರೆ, ವಾರದಲ್ಲಿ ಮುಖ ತಿಳಿಯಾಗುತ್ತದೆ, ಅಕ್ಕನಿಂದ ತಂಗಿಗೆ, ತಂಗಿಯಿಂದ ನೆರೆಮನೆಗೆ ಅದರ ಹೆಸರು ಹಬ್ಬುತ್ತದೆ. ಹಾಗೆ ಬೇಗ ಕೆಲಸ ಮಾಡುವ ಟ್ಯೂಬುಗಳಲ್ಲಿ ಅನೇಕವು ಸ್ಟೀರಾಯ್ಡ್ ಬೆರೆತವು. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲೂಸಿನೋಲೋನ್ ಎಂಬ ಹೆಸರುಗಳಲ್ಲಿ ಯಾವುದಾದರೂ ಡಬ್ಬಿಯ ಮೇಲೆ ಇದ್ದರೆ ಅದು ಸೌಂದರ್ಯದ ವಸ್ತುವಲ್ಲ, ವೈದ್ಯರು ನಿಗದಿತ ದಿನಗಳಿಗೆ ಬರೆದುಕೊಡಬೇಕಾದ ಔಷಧ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗುತ್ತದೆ, ಕೆನ್ನೆಯ ಮೇಲೆ ಕೆಂಪು ನರಗಳು ಕಾಣತೊಡಗುತ್ತವೆ, ಮೊಡವೆ ಮತ್ತು ಬೇಡದ ಕೂದಲು ಬರುತ್ತವೆ. ಹತ್ತು ವರ್ಷದ ಬಿಸಿಲು ಮಾಡದ ಕೆಲಸವನ್ನು ಇದು ಒಂದೇ ವರ್ಷದಲ್ಲಿ ಮಾಡಬಲ್ಲದು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಚ್ಚುವ ಸ್ಟೀರಾಯ್ಡ್‌ಗಳು ಚೀಟಿಯಿಲ್ಲದೆ ಸಿಗದಂತೆ ನಿಯಮ ಬಿಗಿಗೊಳಿಸಿದೆ, ಆದರೂ ಕೇಳಿದವರಿಗೆ ಟ್ಯೂಬು ಸಿಗುವುದು ನಿಂತಿಲ್ಲ.

ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿರುವವರು ಇದನ್ನು ಓದಿ ಇಂದೇ ಟ್ಯೂಬನ್ನು ತಿಪ್ಪೆಗೆ ಎಸೆಯಬಾರದು. ಒಮ್ಮೆಲೇ ಬಿಟ್ಟರೆ ಮುಖ ಕೆಂಪೇರಿ ಉರಿಯುತ್ತದೆ, ಆ ಉರಿ ತಾಳಲಾರದೆ ಜನ ಮತ್ತೆ ಅದೇ ಟ್ಯೂಬಿಗೆ ಮರಳುತ್ತಾರೆ. ಚರ್ಮ ವೈದ್ಯರ ಬಳಿ ಹೋಗಿ, ಅದನ್ನು ಬಿಡುವ ಕ್ರಮವನ್ನು ಕೇಳಿ ತಿಳಿಯಬೇಕು. ಹೆಸರು, ವಿಳಾಸ, ಒಳಗಿನ ವಸ್ತುಗಳ ಪಟ್ಟಿ ಯಾವುದೂ ಇಲ್ಲದ ಡಬ್ಬಿಯ ಕ್ರೀಮುಗಳನ್ನಂತೂ ಮುಟ್ಟಲೇಬಾರದು, ಅಂಥ ಕೆಲವದರಲ್ಲಿ ಪಾದರಸ ಸಿಕ್ಕಿದೆ.

ನಿಂಬೆಹಣ್ಣನ್ನು ಮುಖಕ್ಕೆ ತಿಕ್ಕಿ ಹೊರಗೆ ಹೋಗುವುದೂ ಇದೇ ಸಾಲಿನದು. ನಿಂಬೆ ರಸದಲ್ಲಿರುವ ಕೆಲವು ಅಂಶಗಳು ಬಿಸಿಲು ತಾಗಿದಾಗ ಚರ್ಮವನ್ನು ಸುಟ್ಟು, ತಿಂಗಳುಗಟ್ಟಲೆ ಮಾಸದ ಕಪ್ಪು ಕಲೆ ಉಳಿಸುತ್ತವೆ. ಕಡಲೆ ಹಿಟ್ಟಿನಿಂದ ತಿಕ್ಕದೆ ಮೃದುವಾಗಿ ತೊಳೆಯುವುದಕ್ಕೆ ನನ್ನ ತಕರಾರಿಲ್ಲ.

ನೀರು, ಸಾಬೂನು, ಕೂಲರ್

ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸಾಬೂನು ನೊರೆ ಬರುವುದಿಲ್ಲವೆಂದು ಇನ್ನಷ್ಟು ತಿಕ್ಕುತ್ತೇವೆ, ತೊಳೆದರೂ ಅದರ ಜಿಗುಟು ಚರ್ಮದ ಮೇಲೆ ಉಳಿಯುತ್ತದೆ. ಚರ್ಮ ಸ್ವಲ್ಪ ಆಮ್ಲೀಯ, ಸಾಮಾನ್ಯ ಸಾಬೂನು ಕ್ಷಾರೀಯ. ದಿನಕ್ಕೆ ನಾಲ್ಕು ಸಲ ಮುಖಕ್ಕೆ ಸಾಬೂನು ಹಾಕುವವರ ಚರ್ಮದ ರಕ್ಷಾಪದರ ಸೋರುವ ಮಾಳಿಗೆಯಂತಾಗುತ್ತದೆ. ಮುಖಕ್ಕೆ ಸೌಮ್ಯವಾದ ಫೇಸ್‌ವಾಶ್ ಎರಡು ಹೊತ್ತು ಸಾಕು, ಉಳಿದ ಹೊತ್ತು ಬರೀ ನೀರು. ಮೈ ತಿಕ್ಕುವ ಕಲ್ಲು ಹಿಮ್ಮಡಿಗೆ ಮಾತ್ರ ಇರಲಿ. ಸ್ನಾನವಾದ ಕೂಡಲೇ, ಮೈ ಇನ್ನೂ ಹಸಿ ಇರುವಾಗಲೇ ಮಾಯಿಶ್ಚರೈಸರನ್ನೋ ನಾಲ್ಕು ಹನಿ ಕುಸುಬಿ ಎಣ್ಣೆಯನ್ನೋ ಸವರಿದರೆ ನೀರಿನಂಶ ಒಳಗೇ ನಿಲ್ಲುತ್ತದೆ. ಡಿಸೆಂಬರ್, ಜನವರಿಯ ಒಣ ಚಳಿಯಲ್ಲಿ ಇದು ಬೇಸಿಗೆಗಿಂತ ಹೆಚ್ಚು ಬೇಕು. ಕೂಲರಿನ ಗಾಳಿ ರಾತ್ರಿಯಿಡೀ ನೇರ ಮುಖಕ್ಕೆ ಬಡಿಯದಂತೆ ಮಂಚ ಸರಿಸಿಕೊಳ್ಳಿರಿ.

ಬೀಡಿ, ಸಿಗರೇಟು ರಕ್ತನಾಳಗಳನ್ನು ಕಿರಿದಾಗಿಸಿ ಚರ್ಮಕ್ಕೆ ಸಿಗುವ ರಕ್ತವನ್ನು ಕಡಿಮೆ ಮಾಡುತ್ತವೆ, ತುಟಿಯ ಸುತ್ತ ಗೆರೆ ಮೂಡಿಸುತ್ತವೆ. ಗುಟ್ಕಾದ ಅಡಿಕೆ ಬಾಯಿಯ ಒಳಪದರವನ್ನು ಬಿಗಿಯಾಗಿಸಿ ಬಾಯಿ ತೆರೆಯದಂತೆ ಮಾಡುತ್ತದೆ, ಇದರ ಮುಂದೆ ಸುಕ್ಕು ಚಿಕ್ಕ ಮಾತು. ಸಕ್ಕರೆಯ ಅತಿ ಬಳಕೆ ಕೊಲಾಜನ್ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಗಡುಸಾಗಿಸುತ್ತದೆ. ದಿನಕ್ಕೆ ಐದಾರು ಚಹಾ ಕುಡಿಯುವವರು ಕಪ್ಪಿಗೆ ಎರಡು ಚಮಚವೆಂದರೂ ಎಷ್ಟಾಯಿತೆಂದು ಲೆಕ್ಕ ಹಾಕಿಕೊಳ್ಳಲಿ. ಆಹಾರದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ, ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬೇಳೆ, ಶೇಂಗಾ ಇರುವ ತಟ್ಟೆಯನ್ನು ಯಾವ ಚರ್ಮ ವೈದ್ಯರೂ ಬೈಯಲಾರರು.

ಆಗಿರುವ ಹಾನಿಗೆ ಔಷಧವಿಲ್ಲವೇ ಎಂದರೆ, ಇದೆ. ರಾತ್ರಿ ಹಚ್ಚುವ ಟ್ರೆಟಿನಾಯಿನ್ ತೆಳು ಸುಕ್ಕು ಮತ್ತು ಕಲೆಗಳನ್ನು ತಿಂಗಳುಗಳ ಮೇಲೆ ಕಡಿಮೆ ಮಾಡುತ್ತದೆಂಬುದು ಚೆನ್ನಾಗಿ ಸಾಬೀತಾಗಿದೆ. ಕಡಲೆ ಕಾಳಿನಷ್ಟು ಸಾಕು, ಮೊದಲು ವಾರಕ್ಕೆ ಎರಡು ರಾತ್ರಿ. ಗರ್ಭಿಣಿಯರು ಮತ್ತು ಗರ್ಭ ಧರಿಸಲು ಬಯಸುವವರು ಇದನ್ನು ಬಳಸಬಾರದು, ಹಗಲು ಸನ್‌ಸ್ಕ್ರೀನ್ ಹಚ್ಚದವರೂ ಇದರ ಗೊಡವೆಗೆ ಹೋಗಬಾರದು. ಇದನ್ನು ಕೂಡ ವೈದ್ಯರೇ ಬರೆದುಕೊಡಬೇಕು. ಆಕಾರ ಅಥವಾ ಬಣ್ಣ ಬದಲಿಸುತ್ತಿರುವ ಮಚ್ಚೆ, ತಿಂಗಳಾದರೂ ಮಾಯದ ಹುಣ್ಣು ಇದ್ದರಂತೂ ಮುಪ್ಪಿನ ಮಾತು ಬಿಟ್ಟು ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಹೋಗುವಾಗ ಮನೆಯಲ್ಲಿರುವ ಮುಲಾಮಿನ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಏನು ಹಚ್ಚುತ್ತೀರಿ ಎಂದು ವೈದ್ಯರು ಕೇಳಿದಾಗ "ಕೆಂಪು ಬಣ್ಣದ ಟ್ಯೂಬು ರೀ" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ, ಅದರ ಹಿಂಬದಿಯ ಸಣ್ಣ ಅಕ್ಷರ ಓದಿದರೆ ಎಲ್ಲವೂ ತಿಳಿಯುತ್ತದೆ.