ಎಮ್ಮೆ ಹತ್ತುವ ಗಾಡಿ

2019ರ ಆಗಸ್ಟ್‌ನಲ್ಲಿ ಕೃಷ್ಣಾ ಹೊಳೆ ಉಕ್ಕಿ ನಮ್ಮ ಹಿತ್ತಲಿಗೆ ಬಂದಾಗ ಅಂಗಳದಲ್ಲಿ ಕಾರು ನಿಂತಿತ್ತು. ಅವ್ವ ಹತ್ತಲಿಲ್ಲ. ‘ಹಗ್ಗ ಕಟ್ಟಿದ ಜೀವಗಳನ್ನು ನೀರಿಗೆ ಬಿಟ್ಟು ಎಲ್ಲಿಗೆ ಬರಲಿ?’ ಎಂದು ಕೊಟ್ಟಿಗೆಯ ಬಾಗಿಲಲ್ಲೇ ಕುಳಿತಳು. ಒಳಗೆ ಎರಡು ಎಮ್ಮೆ, ಒಂದು ಕರು, ನಾಲ್ಕು ಆಡು. ಅವಳನ್ನು ಒಪ್ಪಿಸುವುದರಲ್ಲೇ ಅರ್ಧ ದಿನ ಕಳೆಯಿತು. ಕೊನೆಗೆ ಕಾಕಾ ತಮ್ಮ ಟ್ರ್ಯಾಕ್ಟರ್ ತಂದು ಅವ್ವನನ್ನೂ ದನಗಳನ್ನೂ ಒಟ್ಟಿಗೆ ಹತ್ತಿಸಿಕೊಂಡು ಹೋದರು. ಹಿಂದೆ ಕಾರಿನಲ್ಲಿ ಹೊರಟ ನಾನು ಹಳ್ಳದ ತಗ್ಗಿನ ನೀರಿನಲ್ಲಿ ಎಂಜಿನ್ ನಿಂತು ಸಿಕ್ಕಿಬಿದ್ದೆ.

ನೀರಿಳಿದ ಮೇಲೆ ಜಮಖಂಡಿಯ ಮೇಸ್ತ್ರಿ ಎಂಜಿನ್ ಬಿಚ್ಚಿ ಬಾಗಿದ ಕನೆಕ್ಟಿಂಗ್ ರಾಡ್, ಅಂದರೆ ಪಿಸ್ಟನ್ನಿಗೆ ಜೋಡಿಸಿದ ಸರಳು, ತೋರಿಸಿದರು. ಕಾರು ಗಾಳಿ ಎಳೆದುಕೊಳ್ಳುವ ಬಾಯಿ ಮುಂಭಾಗದಲ್ಲಿ ಕೆಳಗೇ ಇತ್ತು, ಅದರಿಂದ ನೀರು ಒಳಗೆ ಹೋಗಿತ್ತು. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಮೇಲಕ್ಕೆ ಬಂದ ಪಿಸ್ಟನ್ ಆ ನೀರಿಗೆ ಗುದ್ದಿ ರಾಡ್ ಬಾಗುತ್ತದೆ. ನಿಂತ ಎಂಜಿನ್ನನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ನೋಡಿದ್ದು ನನ್ನ ದೊಡ್ಡ ತಪ್ಪು.

ಮುಂದಿನ ಬೇಸಿಗೆಯಲ್ಲಿ ಬೇರೆ ಗಾಡಿ ಹುಡುಕಲು ಹೊರಟೆ. ಮೊದಲು ಮನಸ್ಸು ಓಡಿದ್ದು ನಾಲ್ಕೂ ಗಾಲಿಗೆ ಬಲ ಹೋಗುವ ಜೀಪಿನ ಕಡೆಗೆ. ನಮ್ಮ ಎರೆಭೂಮಿಯ ಕೆಸರಿನಲ್ಲಿ ಅದು ಸಾಗುತ್ತದೆ, ನಿಜ. ಆದರೆ ಎಮ್ಮೆ ಅದರಲ್ಲಿ ಹಿಡಿಯುವುದಿಲ್ಲ. ಪಿಕಪ್ ಗಾಡಿಯಲ್ಲಿ ಎರಡು ಎಮ್ಮೆ ನಿಲ್ಲಬಹುದು, ಆಗ ಮನೆಯವರಿಗೆ ಎರಡನೇ ಸುತ್ತು ಬೇಕು. ಎರಡನೇ ಸುತ್ತಿಗೆ ದಾರಿ ಉಳಿದಿರುತ್ತದೆ ಎಂದು ಹೊಳೆಯ ದಂಡೆಯಲ್ಲಿ ಬೆಳೆದ ಯಾರೂ ಹೇಳಲಾರರು. ಮನುಷ್ಯರು, ದನ, ಕಾಳಿನ ಚೀಲ, ಮೇವು ಎಲ್ಲವೂ ಒಂದೇ ಸಲ ಹೋಗಬೇಕು ಎಂದು ಲೆಕ್ಕ ಹಾಕಿದಾಗ ಉಳಿದದ್ದು ಟ್ರ್ಯಾಕ್ಟರ್ ಮತ್ತು ಟ್ರೇಲರ್ ಮಾತ್ರ. ಕಾರು ಮಾರಿದ ಹಣಕ್ಕೆ ಸಾಲ ಸೇರಿಸಿ ಹಳೆಯ ಜೋಡಿಯೊಂದನ್ನು ಕೊಂಡೆ.

ಕೊಳ್ಳುವಾಗ ಬಣ್ಣವನ್ನಾಗಲಿ ಮಾದರಿಯ ವರ್ಷವನ್ನಾಗಲಿ ನಾನು ನೋಡಲಿಲ್ಲ. ಗಾಳಿ ಎಳೆಯುವ ಕೊಳವೆ ಬಾನೆಟ್ಟಿನ ಮೇಲಿರಬೇಕು, ಹೊಗೆಯ ಕೊಳವೆಯೂ ಮೇಲಕ್ಕೇ ಎದ್ದಿರಬೇಕು. ಡೀಸೆಲ್ ಪಂಪು ಕರೆಂಟ್ ಬೇಡದ ಹಳೆಯ ಬಗೆಯದಾಗಿರಬೇಕು, ಏಕೆಂದರೆ ಬ್ಯಾಟರಿ ಸತ್ತರೂ ಇಳಿಜಾರಿನಲ್ಲಿ ಉರುಳಿಸಿ ಎಬ್ಬಿಸಬಹುದು. ಮಳೆಗಾಲದಲ್ಲಿ ಈಗಲೂ ಅದನ್ನು ಮನೆಯ ಮುಂದಿನ ಇಳಿಜಾರಿನಲ್ಲೇ ನಿಲ್ಲಿಸುತ್ತೇನೆ. ಡೀಸೆಲ್ ಟ್ಯಾಂಕ್ ಮುಕ್ಕಾಲಿಗಿಂತ ಕೆಳಗಿಳಿಯಲು ಬಿಡುವುದಿಲ್ಲ, ಕರೆಂಟ್ ಹೋದರೆ ಬಂಕಿನ ಪಂಪೂ ನಿಲ್ಲುತ್ತದೆ.

ನಮ್ಮ ಭಾಗಕ್ಕೆ ಒಂದು ಅನುಕೂಲವಿದೆ. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಟ್ರೇಲರ್‌ಗಳೆಲ್ಲ ಊರಲ್ಲೇ ಇರುತ್ತವೆ, ಹೊಳೆ ಏರುವುದೂ ಅದೇ ತಿಂಗಳುಗಳಲ್ಲಿ. ಆದರೆ ತಿಂಗಳುಗಟ್ಟಲೆ ನಿಂತ ಟ್ರೇಲರ್‌ನ ಟೈರು ಇಳಿದಿರುತ್ತದೆ, ಹುಕ್ಕಿನ ಪಿನ್ನು ತುಕ್ಕು ಹಿಡಿದಿರುತ್ತದೆ. ಆದ್ದರಿಂದ ಕಾರಹುಣ್ಣಿಮೆ ಕಳೆದ ವಾರ ಗಾಳಿ ತುಂಬಿಸಿ, ಗ್ರೀಸ್ ಹಚ್ಚಿ, ಪಿನ್ನು ಹಾಕಿ ತೆಗೆದು ನೋಡುತ್ತೇನೆ. ಎಮ್ಮೆಗಳಿಗೂ ಅದೇ ವಾರ ಅಭ್ಯಾಸ. ಟ್ರೇಲರ್‌ನ ಹಿಂಬದಿಯನ್ನು ದಿಬ್ಬಕ್ಕೆ ಒತ್ತಿ ನಿಲ್ಲಿಸಿ, ಹಲಗೆ ಹಾಸಿ, ಒಳಗೆ ಹಸಿ ಮೇವು ಇಡುತ್ತೇನೆ. ಮೊದಲ ವರ್ಷ ದೊಡ್ಡ ಎಮ್ಮೆ ಮೂರು ದಿನ ಹಲಗೆಯ ಮೇಲೆ ಕಾಲಿಡಲಿಲ್ಲ. ಹಲಗೆಯ ಮೇಲೆ ಗೋಣಿಚೀಲ ಹೊಡೆದ ಮೇಲೆ ಕಾಲು ಜಾರದೆ ಹತ್ತಿತು.

2021ರ ಜುಲೈನಲ್ಲಿ ಮತ್ತೆ ಹೊಳೆ ತುಂಬಿತು. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಬರುವ ನೀರು, ದೂಧಗಂಗೆಯ ನೀರು, ಎರಡೂ ಕೂಡಿ ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳದಲ್ಲಿ ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಎಷ್ಟು ಘನ ಅಡಿ ನೀರು) ಎಂಬ ಸುದ್ದಿಯನ್ನು ಬೆಳಿಗ್ಗೆ ಸಂಜೆ ನೋಡುತ್ತಿದ್ದೆ. ಅಂಕಿ ಏರುತ್ತಲೇ ಇದ್ದುದರಿಂದ ಹಿತ್ತಲು ಒಣಗಿರುವಾಗಲೇ ಹೊರಟೆವು. ಅವ್ವ ಒಂದು ಮಾತೂ ಆಡದೆ ಹತ್ತಿದಳು. ಎಮ್ಮೆಗಳು ಅವಳಿಗಿಂತ ಮೊದಲೇ ಒಳಗಿದ್ದವು.

ದಾರಿಯಲ್ಲಿ ಒಂದು ಕಡೆ ನಿಂತ ನೀರು ಸಿಕ್ಕಿತು. ಮೊದಲು ತಮ್ಮ ಕೋಲು ಹಿಡಿದು ನಡೆದು ಆಳ ನೋಡಿದ. ಮುಂದಿನ ಗಾಲಿಯ ಅರ್ಧದಷ್ಟಿತ್ತು. ಮೊದಲ ಗೇರಿನಲ್ಲಿ, ಒಂದೇ ವೇಗದಲ್ಲಿ, ಕ್ಲಚ್ ತುಳಿಯದೆ ದಾಟಿದೆ. ಹರಿಯುವ ನೀರಾಗಿದ್ದರೆ ಖಂಡಿತ ಹಿಂದೆ ತಿರುಗುತ್ತಿದ್ದೆ. ಎರಡು ಅಡಿ ಹರಿಯುವ ನೀರು ಹೆಚ್ಚಿನ ಕಾರುಗಳನ್ನು ಎತ್ತಿ ಒಯ್ಯುತ್ತದೆ. ಟ್ರ್ಯಾಕ್ಟರ್ ಭಾರವಾಗಿದ್ದರೂ ಹಿಂದಿನ ಟ್ರೇಲರ್ ಅಗಲವಾದ ತಗಡಿನ ಡಬ್ಬಿ, ಸೆಳೆತ ಅದರ ಪಕ್ಕಕ್ಕೆ ಒತ್ತಿದರೆ ಟ್ರ್ಯಾಕ್ಟರನ್ನೂ ಎಳೆದುಕೊಂಡೇ ಹೋಗುತ್ತದೆ. ಟ್ರ್ಯಾಕ್ಟರ್ ಇದೆ ಎಂಬ ಧೈರ್ಯದಲ್ಲಿ ಮುಳುಗಿದ ಸೇತುವೆಗೆ ಇಳಿಯುವವರನ್ನು ಕಂಡರೆ ನನಗೆ ಇಂದಿಗೂ ಎದೆ ನಡುಗುತ್ತದೆ.

ದಾಟಿದ ಮೇಲೆ ಬ್ರೇಕನ್ನು ಹಗುರವಾಗಿ ಐದಾರು ಸಲ ಒತ್ತಿ ಒಣಗಿಸಿದೆ. ಎತ್ತರದ ಶಾಲೆಯ ಮೈದಾನ ತಲುಪಿ ದನಗಳನ್ನು ಇಳಿಸಿ ಟ್ರೇಲರ್ ತೊಳೆದೆವು. ಅದರ ಮೇಲೆ ಗಳ ಕಟ್ಟಿ ತಾಡಪತ್ರಿ ಹೊದಿಸಿ ನಾಲ್ಕು ರಾತ್ರಿ ಮಲಗಿದೆವು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದವು. ಆಧಾರ್ ಮತ್ತು ಹೊಲದ ಉತಾರ (ಪಹಣಿ) ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಣಗಿಯೇ ಇದ್ದವು. ಎಮ್ಮೆಗಳು ಹಾಲು ಕೊಡುವುದನ್ನು ನಿಲ್ಲಿಸಲಿಲ್ಲ. ಅವ್ವ ಬೆಳಿಗ್ಗೆ ಆ ಮೈದಾನದಲ್ಲಿದ್ದ ಮಕ್ಕಳಿಗೆಲ್ಲ ಕಾಯಿಸಿ ಹಂಚುತ್ತಿದ್ದಳು.

ಊರಿಗೆ ಮರಳಿದ ದಿನವೇ ಗೇರ್ ಆಯಿಲ್ ಇಳಿಸಿ ನೋಡಿದೆ. ಹಾಲಿನಂತೆ ಬೆಳ್ಳಗಾಗಿತ್ತು, ಅಂದರೆ ನೀರು ಸೇರಿತ್ತು. ಪೂರ್ತಿ ಬದಲಿಸಿದ ಮೇಲೆಯೇ ಹೊಲಕ್ಕೆ ಇಳಿಸಿದೆ.